ಗೊಬ್ಬರ ಹಾಕುವ ಮುನ್ನ ಬೇರಿನ ಬಾಗಿಲು ನೋಡಿ

ಬೆಳೆ ಹಳದಿಯಾಯಿತೆಂದರೆ ನಮ್ಮ ರೈತರ ಕೈ ಮೊದಲು ಹೋಗುವುದು ಯೂರಿಯಾ ಚೀಲದ ಕಡೆಗೆ. ಬೆಳೆ ಬಾಡಿತೆಂದರೆ ಕಾಲು ಹೋಗುವುದು ನೀರಿನ ತೂಬಿನ ಕಡೆಗೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು ಎಂಬ ಈ ಲೆಕ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಹಸಿದವನ ಬಾಯಿಯೇ ಕಟ್ಟಿಹೋಗಿದ್ದರೆ ಎಲೆಯ ಮೇಲೆ ಎಷ್ಟು ಬಡಿಸಿದರೇನು? ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಎಕರೆಗೆ ಎಷ್ಟು ಗೊಬ್ಬರ ಎಂದು ಕೇಳುವ ಮೊದಲು, ಅದನ್ನು ಒಳಗೆ ತೆಗೆದುಕೊಳ್ಳುವ ಬೇರಿನ ಬಾಗಿಲು ಯಾವ ಸ್ಥಿತಿಯಲ್ಲಿದೆ ಎಂದು ಕೇಳಬೇಕು. ಇದನ್ನು ರೈತರು ಕೇಳುತ್ತಿಲ್ಲ. ನಾವು ವಿಜ್ಞಾನಿಗಳೂ ಸಾಕಷ್ಟು ಹೇಳುತ್ತಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಒಂದು ಹಳ್ಳಿಗೆ ಹೋಗಿದ್ದಾಗಿನ ಮಾತು. ಭತ್ತದ ಗದ್ದೆಗಳ ಕೆಳಮಗ್ಗುಲಲ್ಲಿ ಒಬ್ಬ ರೈತರು ಗೋವಿನಜೋಳ ಬಿತ್ತಿದ್ದರು. ಕಾಲಡಿಯ ಎರೆಮಣ್ಣು ಅಂಟುವಷ್ಟು ಹಸಿ. ಆದರೂ ಬೆಳೆ ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿಕೊಂಡಿತ್ತು. ಕೆಳಗಿನ ಎಲೆಗಳು ಹಳದಿಯಾಗಿ ಅಂಚು ಸುಟ್ಟಂತೆ ಕಾಣುತ್ತಿದ್ದವು.

"ನೀರು ಬಿಟ್ಟೀನ್ರಿ, ಎರಡು ಸಲ ಯೂರಿಯಾ ಹಾಕೀನ್ರಿ. ಆದ್ರೂ ಬೆಳಿ ಬಾಡಾಕತ್ತೈತಿ. ಇನ್ನೊಂದು ಚೀಲ ಹಾಕ್ಲೇನ್ರಿ ಸಾಹೇಬ್ರ?" ಎಂದು ಅವರು ಕೇಳಿದರು.

"ಯಜಮಾನರೇ, ಮೊದಲು ಒಂದು ಗಿಡ ಕಿತ್ತು ನೋಡೋಣ" ಎಂದೆ. ಬೇರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬಿಳಿಯ ಎಳೆ ಬೇರುಗಳು ಬೆರಳೆಣಿಕೆಯಷ್ಟು. ಗುದ್ದಲಿಯಿಂದ ಮೊಣಕಾಲುದ್ದ ಗುಂಡಿ ತೋಡಿಸಿದಾಗ ಅರ್ಧ ಗಂಟೆಯೊಳಗೆ ಅದರಲ್ಲಿ ನೀರು ಒಸರಿ ನಿಂತಿತು. ಬದುವಿನ ಒಣ ಮಗ್ಗುಲಲ್ಲಿ ಬಿಳಿಯ ಉಪ್ಪು ಹೊಡೆದಿತ್ತು. ಚೀಲ ಬೇಡ, ನೀರು ಹೊರಹೋಗುವ ದಾರಿ ಮಾಡಿ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾ ಹಾಕಿದ್ದೆಲ್ಲಾ ಎಲ್ಲಿ ಹೋತ್ರಿ?" ಎಂದರು.

ಈ ಪ್ರಶ್ನೆಗೆ ಗದ್ದೆಯ ಬದುವಿನ ಮೇಲೆ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬೆಳೆಯ ಬಾಯಿ ಎಲ್ಲಿದೆ?

ಗಿಡಕ್ಕೆ ನಮ್ಮಂತೆ ಬಾಯಿಯಿಲ್ಲ. ಎಳೆ ಬೇರಿನ ತುದಿಗೆ ಸ್ವಲ್ಪ ಹಿಂದೆ ಬರಿಗಣ್ಣಿಗೆ ನವಿರಾಗಿ ಕಾಣುವ ಬೇರುಗೂದಲುಗಳಿರುತ್ತವೆ. ಇಂಥ ಒಂದೊಂದು ಕೂದಲೂ ಒಂದು ಜೀವಕೋಶದ ಚಾಚು. ಈ ಕೋಶದ ಹೊರಗೆ ಒಂದು ಗಟ್ಟಿ ಗೋಡೆಯಿದೆ. ಅದು ಗೋಣಿಚೀಲದ ಹಾಗೆ. ನೀರು ಮತ್ತು ಕರಗಿದ ಲವಣಗಳನ್ನು ಹೆಚ್ಚಾಗಿ ತಡೆಯುವುದಿಲ್ಲ. ನಿಜವಾದ ತಡೆ ಇರುವುದು ಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ ತೆಳುವಾದ ಪೊರೆಯಲ್ಲಿ. ಇದಕ್ಕೆ ಕೋಶಪೊರೆ ಎನ್ನುತ್ತೇವೆ. ಇದರ ದಪ್ಪ ಮಿಲಿಮೀಟರಿನ ಒಂದು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ.

ಮಣ್ಣಿನ ನೀರು ಕೋಶಗಳ ಗೋಡೆಗಳ ಮೂಲಕವೇ ನುಸುಳಿ ಬೇರಿನ ನಡುವಿಗೆ ಹೋಗಲಾರದೇ ಎಂದು ಕೇಳಬಹುದು. ಅದಕ್ಕೂ ನಿಸರ್ಗ ವ್ಯವಸ್ಥೆ ಮಾಡಿದೆ. ಬೇರಿನ ನಡುಗಂಬದ ಸುತ್ತ ಒಂದು ಸಾಲು ಕೋಶಗಳಿವೆ. ಅವುಗಳ ಗೋಡೆಗಳಿಗೆ ಗಾರೆ ಮೆತ್ತಿದಂತೆ ನೀರು ಹಾಯದ ಪಟ್ಟಿಯಿದೆ. ಇದನ್ನು ಕ್ಯಾಸ್ಪೇರಿಯನ್ ಪಟ್ಟಿ ಎಂದು ಕರೆಯುತ್ತಾರೆ. ಹೀಗಾಗಿ ಹೊರಗಿನ ಪದಾರ್ಥ ಕಾಂಡಕ್ಕೆ, ಎಲೆಗೆ ಏರಬೇಕಾದರೆ ಬಹುಮಟ್ಟಿಗೆ ಎಲ್ಲಾದರೂ ಒಂದು ಕಡೆ ಕೋಶಪೊರೆಯನ್ನು ದಾಟಲೇಬೇಕು. ನಾವು ಹಾಕಿದ ಸಾರಜನಕ, ರಂಜಕ, ಪೊಟ್ಯಾಷ್ ಯಾವುದಕ್ಕೂ ಇದರಿಂದ ವಿನಾಯಿತಿಯಿಲ್ಲ.

ಈ ಪೊರೆ ಮುಖ್ಯವಾಗಿ ಎರಡು ಪದರ ಜಿಡ್ಡಿನಿಂದ ಆದದ್ದು. ಜಿಡ್ಡಿನ ಮೂಲಕ ಆಮ್ಲಜನಕದಂಥ ಅನಿಲಗಳು ಸುಲಭವಾಗಿ ಹಾಯುತ್ತವೆ. ವಿದ್ಯುದಂಶವಿರುವ ಲವಣದ ಕಣಗಳು, ಅಂದರೆ ಅಯಾನುಗಳು, ಹಾಯಲಾರವು. ಅವುಗಳಿಗಾಗಿ ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನಿನಿಂದಾದ ಬಾಗಿಲುಗಳಿವೆ. ನೀರಿಗೂ ಪ್ರತ್ಯೇಕ ಕೊಳವೆಗಳಿವೆ. ನೀರಿನ ಈ ಕೊಳವೆಯನ್ನು 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ಅವರು ಖಚಿತವಾಗಿ ತೋರಿಸಿಕೊಟ್ಟರು. ಅದಕ್ಕಾಗಿ 2003ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂದಿತು. ಅವರು ಕಂಡದ್ದು ರಕ್ತದ ಕೋಶದಲ್ಲಿ. ಇಂಥವೇ ಕೊಳವೆಗಳು ಬೆಳೆಯ ಬೇರಿನಲ್ಲಿಯೂ ಇವೆ.

ಉಪ್ಪಿನಕಾಯಿ ಜಾಡಿಯ ಪಾಠ

ಮೊದಲು ನೀರಿನ ವಿಷಯ. ಮಾವಿನ ಮಿಡಿಗೆ ಉಪ್ಪು ಹಾಕಿ ಜಾಡಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಮಿಡಿ ಸುಕ್ಕಾಗಿ ಜಾಡಿಯ ತುಂಬ ನೀರು ಬಿಟ್ಟಿರುತ್ತದೆ. ಅದೇ ಒಣ ದ್ರಾಕ್ಷಿಯನ್ನು ಬರಿಯ ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ಕಡೆಗೆ ಪೊರೆಯ ಮೂಲಕ ನೀರು ಸರಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಅಭಿಸರಣೆ ಎಂದು ಹೆಸರು. ಫ್ರಾನ್ಸಿನ ನೊಲೆ ಎಂಬ ಪಾದ್ರಿ 1748ರಷ್ಟು ಹಿಂದೆಯೇ ಹಂದಿಯ ಮೂತ್ರಕೋಶದ ಪೊರೆಯಿಂದ ಇದನ್ನು ಕಂಡಿದ್ದರು. ನಮ್ಮ ಮನೆಯ ಹೆಂಗಸರಿಗೆ ಜಾಡಿಯಲ್ಲಿ ಇದು ಎಂದಿನಿಂದಲೂ ಗೊತ್ತು.

ಮಕ್ಕಳೊಡನೆ ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಒಂದೇ ಆಲೂಗಡ್ಡೆಯಿಂದ ಒಂದೇ ದಪ್ಪದ ಎರಡು ಬಿಲ್ಲೆ ಕತ್ತರಿಸಿ. ಒಂದನ್ನು ಬರಿಯ ನೀರಿನಲ್ಲಿ, ಇನ್ನೊಂದನ್ನು ಎರಡು ಚಮಚೆ ಉಪ್ಪು ಕರಗಿಸಿದ ನೀರಿನಲ್ಲಿ ಮುಳುಗಿಸಿಡಿ. ಕೆಲವು ಗಂಟೆಗಳ ನಂತರ ತೆಗೆದರೆ ಮೊದಲನೆಯದು ಬಿರುಸಾಗಿರುತ್ತದೆ, ಎರಡನೆಯದು ಹಳೆಯ ಚರ್ಮದಂತೆ ಬಾಗುತ್ತದೆ. ಎರಡೂ ನೀರಿನಲ್ಲಿಯೇ ಇದ್ದವು. ಒಂದು ಕುಡಿಯಿತು, ಇನ್ನೊಂದು ತನ್ನಲ್ಲಿದ್ದ ನೀರನ್ನೂ ಕಳೆದುಕೊಂಡಿತು. ಸವಳು ಭೂಮಿಯ ಬೆಳೆ ಹಸಿ ಮಣ್ಣಿನಲ್ಲಿ ನಿಂತು ಬಾಡುವುದಕ್ಕೆ ಇದೇ ಮೊದಲ ಕಾರಣ.

ಬೇರಿನ ಕೋಶರಸದಲ್ಲಿ ಕರಗಿದ ಪದಾರ್ಥಗಳು ಮಣ್ಣಿನ ನೀರಿನಲ್ಲಿರುವುದಕ್ಕಿಂತ ಹೆಚ್ಚಿರುವುದರಿಂದಲೇ ನೀರು ಒಳಗೆ ಬರುತ್ತದೆ. ಮಣ್ಣಿನಲ್ಲಿ ಲವಣ ಹೆಚ್ಚಿದಷ್ಟೂ ಈ ಅಂತರ ಕಡಿಮೆಯಾಗುತ್ತದೆ. ಇದನ್ನು ಬಾವಿಯ ಲೆಕ್ಕದಲ್ಲಿ ಹೇಳಬಹುದು. ಮಣ್ಣಿನ ನೀರಿನ ವಿದ್ಯುತ್ ವಾಹಕತೆ 1 ಡೆಸಿಸೀಮನ್ಸ್ ಹೆಚ್ಚಿದರೆ, ಬೇರಿಗೆ ನೀರನ್ನು ಸುಮಾರು ಮೂರೂವರೆ ಮೀಟರ್ ಹೆಚ್ಚು ಆಳದ ಬಾವಿಯಿಂದ ಸೇದಿದಷ್ಟು ಹೊರೆ ಬೀಳುತ್ತದೆ. ವಾಹಕತೆ 10 ಆದರೆ 35 ಮೀಟರಿಗಿಂತಲೂ ಆಳದ ಬಾವಿ. ಇನ್ನೊಂದು ಸಂಗತಿ: ಮಣ್ಣಿನ ನೀರು ಆರಿ ಅರ್ಧವಾದರೆ ಉಳಿದ ನೀರಿನಲ್ಲಿ ಲವಣದ ಸಾಂದ್ರತೆ ಸುಮಾರಾಗಿ ಎರಡರಷ್ಟಾಗುತ್ತದೆ. ಸವಳು ಭೂಮಿಯಲ್ಲಿ ಬೆಳೆಯನ್ನು ಬಿರುಕು ಬಿಡುವವರೆಗೆ ಒಣಗಿಸಬಾರದು, ಬದಲಿಗೆ ಕಡಿಮೆ ನೀರನ್ನು ಬೇಗಬೇಗ ಕೊಡಬೇಕು ಎಂದು ಹೇಳುವುದು ಇದಕ್ಕಾಗಿಯೇ.

ಬಿತ್ತುವಾಗ ಬೀಜಕ್ಕೆ ತಾಗುವಂತೆ ರಸಗೊಬ್ಬರ ಬಿದ್ದರೆ ಮೊಳಕೆ ಸುಟ್ಟುಹೋಗುವುದನ್ನು ಎಲ್ಲರೂ ಕಂಡಿದ್ದೀರಿ. ರಸಗೊಬ್ಬರವೂ ನೀರಿನಲ್ಲಿ ಕರಗಿದ ಮೇಲೆ ಲವಣವೇ. ಉತ್ತಮ ಭೂಮಿಯಲ್ಲಿ ಒಂದು ಹಿಡಿ ಗೊಬ್ಬರ ಪೋಷಣೆಯಾದರೆ, ಆಗಲೇ ಉಪ್ಪು ತುಂಬಿದ ಭೂಮಿಯಲ್ಲಿ ಅದೇ ಹಿಡಿ ಜಾಡಿಗೆ ಹಾಕಿದ ಮತ್ತೊಂದು ಹಿಡಿ ಉಪ್ಪಾಗುತ್ತದೆ.

ಬಾಗಿಲಲ್ಲಿ ಕಾವಲು

ಇನ್ನು ಪೋಷಕಾಂಶಗಳ ವಿಷಯ. ನೀರಿನೊಡನೆ ಗೊಬ್ಬರವೂ ತಾನಾಗಿಯೇ ಬೇರಿನೊಳಗೆ ಹರಿದುಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಸರಿಯಲ್ಲ. ನೀರು ಗೊಬ್ಬರವನ್ನು ಬಾಗಿಲವರೆಗೆ ತರುತ್ತದೆ, ಅಷ್ಟೇ. ಬಾಗಿಲು ತೆರೆಯುವುದು ಬೇರಿನ ಕೆಲಸ, ಮತ್ತು ಅದಕ್ಕೆ ಶಕ್ತಿ ಬೇಕು.

ಕೋಶಪೊರೆಯಲ್ಲಿ ಒಂದು ಬಗೆಯ ಪಂಪುಗಳಿವೆ. ಅವು ಜಲಜನಕದ ಅಯಾನುಗಳನ್ನು ಸತತವಾಗಿ ಹೊರಗೆ ತಳ್ಳುತ್ತಿರುತ್ತವೆ. ಇದರಿಂದ ಕೋಶದ ಒಳಭಾಗಕ್ಕೆ ಋಣ ವಿದ್ಯುದಂಶ ಬರುತ್ತದೆ. ಧನ ವಿದ್ಯುದಂಶವುಳ್ಳ ಪೊಟ್ಯಾಷಿಯಂ, ಅಮೋನಿಯಂ ಅಯಾನುಗಳು ಆ ಸೆಳೆತಕ್ಕೆ ತಮ್ಮ ತಮ್ಮ ಬಾಗಿಲಿನಿಂದ ಒಳಬರುತ್ತವೆ. ಆದರೆ ನೈಟ್ರೇಟ್ ರೂಪದ ಸಾರಜನಕಕ್ಕೆ ಋಣ ವಿದ್ಯುದಂಶವಿದೆ. ಒಳಗಿನ ಋಣ ಅಂಶ ಅದನ್ನು ಹೊರಗೇ ತಳ್ಳುತ್ತದೆ. ಆದುದರಿಂದ ಪಂಪು ಹೊರಹಾಕಿದ ಜಲಜನಕದ ಅಯಾನುಗಳು ಮರಳಿ ಒಳಬರುವಾಗ ನೈಟ್ರೇಟ್ ಅವುಗಳ ಜೊತೆಗೂಡಿಯೇ ಒಳಬರಬೇಕು. ಒಂಟಿಯಾಗಿ ಬಂದರೆ ಬಾಗಿಲು ತೆರೆಯುವುದಿಲ್ಲ.

ಇಂಥ ಜೋಡಿ ಬಾಗಿಲು ನಮ್ಮ ಕರುಳಿನಲ್ಲಿಯೂ ಇದೆ. ವಾಂತಿಭೇದಿಯಾದ ಮಗುವಿಗೆ ಸಕ್ಕರೆ ಮತ್ತು ಉಪ್ಪು ಎರಡನ್ನೂ ಬೆರೆಸಿದ ನೀರು ಕುಡಿಸುವುದು ಈಗ ಪ್ರತಿ ಮನೆಗೂ ಗೊತ್ತು. ಸಕ್ಕರೆಯ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಒಟ್ಟಾಗಿ ಬಂದಾಗ ಕರುಳಿನ ಪೊರೆಯ ಆ ಬಾಗಿಲು ತೆರೆಯುತ್ತದೆ, ಅವುಗಳ ಹಿಂದೆ ನೀರೂ ಒಳಬರುತ್ತದೆ. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲಕ್ಕೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣದ ನೀರು ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಾಬಿಸ್ ಅವರು ಈ ದ್ರಾವಣವನ್ನೇ ಕುಡಿಸಿ ಸಾವಿನ ಪ್ರಮಾಣವನ್ನು ಶೇಕಡಾ 4ಕ್ಕಿಂತ ಕೆಳಗೆ ಇಳಿಸಿದರು. ಬರಿಯ ನೀರನ್ನೇ ಮತ್ತೆ ಮತ್ತೆ ಕುಡಿಸಿದ್ದರೆ ಆ ಜೀವಗಳು ಉಳಿಯುತ್ತಿರಲಿಲ್ಲ. ಬಾಗಿಲಿನ ಸ್ವಭಾವ ತಿಳಿದು ಕೊಟ್ಟದ್ದರಿಂದ ಉಳಿದವು. ಬೆಳೆಯ ವಿಷಯದಲ್ಲಿಯೂ ನಾವು ಕಲಿಯಬೇಕಾದುದು ಇದನ್ನೇ.

ಸೋಡಿಯಂ ಮತ್ತು ಪೊಟ್ಯಾಷಿಯಂ ಒಂದಕ್ಕೊಂದು ಹೋಲುವ ಅಯಾನುಗಳು. ಮಣ್ಣಿನಲ್ಲಿ ಸೋಡಿಯಂ ಮಿತಿಮೀರಿದಾಗ ಅದು ಪೊಟ್ಯಾಷಿಯಂನ ವೇಷದಲ್ಲಿ ಬಾಗಿಲು ನುಸುಳುತ್ತದೆ. ಈ ನುಸುಳುವಿಕೆಯನ್ನು ತಡೆಯುವುದರಲ್ಲಿ ಕ್ಯಾಲ್ಸಿಯಂ ದೊಡ್ಡ ಕಾವಲುಗಾರ. ಬೇರಿನ ಸುತ್ತ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಮಾತ್ರ ಪೊರೆಯು ಸೋಡಿಯಂ ಬಿಟ್ಟು ಪೊಟ್ಯಾಷಿಯಂ ಆರಿಸಿಕೊಳ್ಳಬಲ್ಲದು ಎಂದು ಅಮೆರಿಕದ ಇಮ್ಯಾನುಯೆಲ್ ಎಪ್‌ಸ್ಟೀನ್ ಅವರು 1961ರಲ್ಲಿ ತೋರಿಸಿದರು. ನುಸುಳಿದ ಸೋಡಿಯಂ ಅನ್ನು ಬೇರು ಹೊರಗೆ ತಳ್ಳುತ್ತದೆ, ಇಲ್ಲವೇ ಕೋಶದೊಳಗಿನ ರಸದ ಚೀಲದಲ್ಲಿ ಕೂಡಿಹಾಕುತ್ತದೆ. ಇದಕ್ಕೂ ಶಕ್ತಿ ಖರ್ಚಾಗುತ್ತದೆ.

ಕಾವಲುಗಾರನಿಗೂ ಕೂಲಿ ಬೇಕು

ಈ ಶಕ್ತಿ ಎಲ್ಲಿಂದ ಬರುತ್ತದೆ? ಎಲೆ ತಯಾರಿಸಿದ ಸಕ್ಕರೆಯನ್ನು ಬೇರು ಆಮ್ಲಜನಕದೊಡನೆ ಉರಿಸಿ ಪಡೆಯುತ್ತದೆ. ಬೇರೂ ಉಸಿರಾಡುತ್ತದೆ ಎಂಬುದನ್ನು ನಾವು ಮರೆಯಬಾರದು. ಒಂದು ಅಣು ಗ್ಲೂಕೋಸಿನಿಂದ ಗಾಳಿ ಇದ್ದಾಗ ಸುಮಾರು 30 ಪಾಲು ಶಕ್ತಿ ದೊರೆತರೆ, ಗಾಳಿ ಇಲ್ಲದಾಗ ದೊರೆಯುವುದು 2 ಪಾಲು ಮಾತ್ರ. ಮಣ್ಣಿನ ರಂಧ್ರಗಳಲ್ಲೆಲ್ಲ ನೀರು ನಿಂತಾಗ ಬೇರಿನ ಪಂಪುಗಳಿಗೆ ಕರೆಂಟು ಹೋದಂತೆಯೇ. ಪಕ್ಕದಲ್ಲಿ ಎಷ್ಟೇ ಗೊಬ್ಬರವಿದ್ದರೂ ಎತ್ತಿಕೊಳ್ಳುವ ತಾಕತ್ತಿಲ್ಲ. ನುಸುಳಿದ ಸೋಡಿಯಂ ಅನ್ನು ಹೊರಹಾಕುವ ತಾಕತ್ತೂ ಇಲ್ಲ.

ಇಷ್ಟೇ ಅಲ್ಲ. ಉಸಿರು ಕಟ್ಟಿದ ಬೇರಿನ ಕೋಶರಸ ಹುಳಿಯಾಗುತ್ತದೆ. ಹುಳಿಯಾದೊಡನೆ ನೀರಿನ ಕೊಳವೆಗಳು ಮುಚ್ಚಿಕೊಳ್ಳುತ್ತವೆ ಎಂಬುದು 2003ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಗಿದೆ. ನೀರಿನಲ್ಲಿ ನಿಂತ ಗಿಡ ನೀರಿಲ್ಲದೆ ಬಾಡುವ ವಿಚಿತ್ರಕ್ಕೆ ಇದು ಎರಡನೆಯ ಕಾರಣ. ಭತ್ತದ ಗಿಡಕ್ಕೆ ಎಲೆಯಿಂದ ಬೇರಿಗೆ ಗಾಳಿ ಇಳಿಸುವ ಟೊಳ್ಳು ದಾರಿಗಳಿವೆ, ಆದ್ದರಿಂದ ಅದು ತಾಳಿಕೊಳ್ಳುತ್ತದೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ತೊಗರಿಗೆ ಆ ಅನುಕೂಲ ಅಷ್ಟಾಗಿ ಇಲ್ಲ.

ನಮ್ಮ ಹಿರಿಯರು 'ಸವಳು-ಜವಳು' ಎಂದು ಎರಡನ್ನೂ ಜೋಡಿಸಿಯೇ ಹೇಳಿದ್ದಾರೆ. ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ನಿಲ್ಲುವಿಕೆ. ಉಪ್ಪು ಬಾಗಿಲಿಗೆ ಕಳ್ಳರನ್ನು ಕಳಿಸುತ್ತದೆ, ನಿಂತ ನೀರು ಕಾವಲುಗಾರನ ಕೂಲಿ ನಿಲ್ಲಿಸುತ್ತದೆ. ಒಂದೊಂದನ್ನು ಬೇರೆಯಾಗಿ ತಾಳಬಲ್ಲ ಬೆಳೆಯೂ ಎರಡೂ ಕೂಡಿ ಬಂದಾಗ ಸೋಲುತ್ತದೆ.

ಈಗ ಆ ರೈತರ ಯೂರಿಯಾ ಎಲ್ಲಿ ಹೋಯಿತೆಂದು ಹೇಳಬಹುದು. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20.7 ಕೆ.ಜಿ. ಸಾರಜನಕವಿದೆ. ರಸಸಾರ ಹೆಚ್ಚಿರುವ ಮಣ್ಣಿನ ಮೇಲೆ ಎರಚಿದ್ದರಿಂದ ಅದರಲ್ಲಿ ಒಂದು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಯಿತು. ನೈಟ್ರೇಟ್ ಆದ ಭಾಗವನ್ನು ಗಾಳಿಯಿಲ್ಲದ ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕದ ಅನಿಲಗಳಾಗಿ ಮಾಡಿ ಹಾರಿಸಿದವು. ಉಳಿದದ್ದು ಬಾಗಿಲವರೆಗೆ ಬಂದರೂ ತೆರೆಯುವವರಿರಲಿಲ್ಲ.

ಹೊಸ್ತಿಲಲ್ಲಿ ಉಳಿಯುವ ಉಪ್ಪು

ಇಲ್ಲಿ ಬಹಳ ಮುಖ್ಯವಾದ ಒಂದು ಮಾತಿದೆ. ಬೇರಿನ ಪೊರೆ ಒಳ್ಳೆಯ ಕಾವಲುಗಾರ. ಅದು ನೀರನ್ನು ಒಳಗೆ ಬಿಟ್ಟುಕೊಂಡು ಬೇಡದ ಲವಣದ ಬಹುಭಾಗವನ್ನು ಹೊರಗೇ ನಿಲ್ಲಿಸುತ್ತದೆ. ಹೀಗೆ ನಿಂತ ಲವಣ ಎಲ್ಲಿಗೂ ಹೋಗುವುದಿಲ್ಲ. ಬೇರಿನ ಹೊಸ್ತಿಲಲ್ಲಿಯೇ ಉಳಿಯುತ್ತದೆ. ಪ್ರತಿ ಸಲ ನೀರು ಕೊಟ್ಟಾಗಲೂ ಇನ್ನಷ್ಟು ಸೇರುತ್ತದೆ.

ಲೆಕ್ಕ ಹಾಕಿ ನೋಡಿ. ವಿದ್ಯುತ್ ವಾಹಕತೆ 1 ಇರುವ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣವಿರುತ್ತದೆ. ಬಾಯಿಗೆ ಇದು ಅಷ್ಟೇನೂ ಉಪ್ಪೆನಿಸದು. ಒಂದು ಬೆಳೆಗೆ ಒಟ್ಟು 50 ಸೆಂ.ಮೀ. ಆಳದಷ್ಟು ಈ ನೀರು ಕೊಟ್ಟರೆ ಎಕರೆಗೆ ಸುಮಾರು 1,300 ಕೆ.ಜಿ. ಲವಣ ಹಾಕಿದಂತಾಗುತ್ತದೆ. ಅಂದರೆ 50 ಕೆ.ಜಿ.ಯ 26 ಚೀಲ! ಕಾಲುವೆಯ ಸಿಹಿನೀರಿನಲ್ಲಿ ಲವಣ ಇದಕ್ಕಿಂತ ಕಡಿಮೆ. ಆದರೆ ಎರೆ ಭೂಮಿಯ ಆಳದಲ್ಲಿ ಮೊದಲೇ ಇರುವ ಲವಣವನ್ನು ಏರಿದ ಅಂತರ್ಜಲ ಮೇಲಕ್ಕೆ ತರುತ್ತದೆ. ನೀರಿನ ಮಟ್ಟ ನೆಲದಿಂದ ಒಂದೂವರೆ-ಎರಡು ಮೀಟರಿನೊಳಗೆ ಬಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಅದು ಮೇಲಕ್ಕೇರಿ ಆರಿ, ಉಪ್ಪನ್ನು ಬಿಟ್ಟುಹೋಗುತ್ತದೆ.

ಹೊಸ್ತಿಲನ್ನು ಗುಡಿಸುವವರು ಬೇಕು. ಮಳೆ ಚೆನ್ನಾಗಿದ್ದು ಮಣ್ಣಿನಲ್ಲಿ ನೀರು ಬಸಿಯುವ ಕಡೆ ಮಳೆಯೇ ಗುಡಿಸುತ್ತದೆ. ಉಳಿದ ಕಡೆ ಬಸಿಗಾಲುವೆ ಗುಡಿಸಬೇಕು. ನೀರಾವರಿ ಎಂದರೆ ನೀರು ತರುವ ಕಾಲುವೆ ಎಂದಷ್ಟೇ ನಾವು ತಿಳಿದಿದ್ದೇವೆ. ನೀರು ಹೊರಹಾಕುವ ಕಾಲುವೆಯೂ ಅದರ ಇನ್ನೊಂದು ಅರ್ಧ. ತುಂಗಭದ್ರಾ ಎಡದಂಡೆಯಲ್ಲಿ ಹೆಚ್ಚಿನ ಭೂಮಿಗೆ ಲಘು ನೀರಾವರಿ ಬೆಳೆಗಳನ್ನು ಉದ್ದೇಶಿಸಲಾಗಿತ್ತು. ನೀರು ಬಂದ ಮೇಲೆ ಭತ್ತ ಹಬ್ಬಿತು. ಮೇಲಿನವರ ಗದ್ದೆಯ ನೀರು ಕೆಳಗಿನವರ ಹೊಲದಲ್ಲಿ ಒಸರತೊಡಗಿತು. ಕಾಲುವೆಯ ಕೊನೆಯವರಿಗೆ ನೀರೇ ಇಲ್ಲ, ನಡುವಿನ ತಗ್ಗಿನವರಿಗೆ ನೀರಿನದೇ ಕಾಟ.

ಭತ್ತ ಬಿಡಿ ಎಂದು ಹೇಳುವುದು ಸುಲಭ. ಭತ್ತ ಬೆಳೆಯುವ ರೈತರಲ್ಲಿ ವಿವೇಕವಿಲ್ಲವೆಂದು ನಾನು ಹೇಳಲಾರೆ. ನಿಂತ ನೀರು ಉಪ್ಪನ್ನು ತೆಳುವಾಗಿಸಿ ಕೆಳಕ್ಕೆ ತಳ್ಳುತ್ತದೆ. ಸವಳು ಭೂಮಿಯಲ್ಲಿ ಭತ್ತವನ್ನೇ ಬೆಳೆಯುವುದಕ್ಕೆ ಈ ಕಾರಣವೂ ಇದೆ, ಮತ್ತು ಸುಧಾರಣೆಯ ಮೊದಲ ಬೆಳೆಯಾಗಿ ಭತ್ತವನ್ನು ನಾವೂ ಹೇಳುತ್ತೇವೆ. ಆದರೆ ಕೆಳಕ್ಕೆ ತಳ್ಳಿದ ಉಪ್ಪು ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಬೇಸಿಗೆಯಲ್ಲಿ ಮೇಲೆ ಬರುತ್ತದೆ, ಇಲ್ಲವೇ ನೆರೆಯವರ ಹೊಲ ಸೇರುತ್ತದೆ. ಕಸವನ್ನು ನೆರೆಮನೆಯ ಅಂಗಳಕ್ಕೆ ಗುಡಿಸಿದರೆ ಊರು ಸ್ವಚ್ಛವಾದಂತಾಗುವುದಿಲ್ಲ.

ಜಿಪ್ಸಂ ಎಲ್ಲಕ್ಕೂ ಮದ್ದಲ್ಲ

ಉಪ್ಪು ಹೊಡೆದ ಭೂಮಿ ಎಂದೊಡನೆ ಜಿಪ್ಸಂ ಎನ್ನುವುದು ರೂಢಿಯಾಗಿದೆ. ಇಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಸಂತೃಪ್ತ ಸಾರದ ವಿದ್ಯುತ್ ವಾಹಕತೆ 4ಕ್ಕಿಂತ ಹೆಚ್ಚಿದ್ದು, ರಸಸಾರ 8.5ಕ್ಕಿಂತ ಕಡಿಮೆಯಿದ್ದರೆ ಅದು ಸಾಮಾನ್ಯವಾಗಿ ಸವಳು ಭೂಮಿ. ಇದಕ್ಕೆ ಮದ್ದು ಒಳ್ಳೆಯ ನೀರು ಮತ್ತು ಬಸಿಗಾಲುವೆ. ರಸಸಾರ 8.5ಕ್ಕಿಂತ ಹೆಚ್ಚಿದ್ದು, ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡಿದ್ದರೆ ಅದು ಕ್ಷಾರ ಭೂಮಿ. ಮಳೆ ಬಂದರೆ ಕೆಸರು, ಒಣಗಿದರೆ ಕಲ್ಲು. ಇಲ್ಲಿ ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣಗಳಿಂದ ಬಿಡಿಸುತ್ತದೆ, ಮಣ್ಣಿನಲ್ಲಿ ಗಾಳಿ ಆಡುವಂತೆ ಮಾಡುತ್ತದೆ, ಬೇರಿನ ಪೊರೆಗೂ ಕಾವಲು ಕೊಡುತ್ತದೆ. ಆದರೆ ಬಿಡಿಸಿದ ಸೋಡಿಯಂ ನೀರಿನೊಡನೆ ಹೊರಹೋಗದಿದ್ದರೆ ಆ ಖರ್ಚೂ ವ್ಯರ್ಥ. ಮಣ್ಣು ಪರೀಕ್ಷೆಯಿಲ್ಲದೆ ಜಿಪ್ಸಂ ಹಾಕುವುದು ನಾಡಿ ನೋಡದೆ ಔಷಧಿ ಕೊಟ್ಟಂತೆ.

ನಮ್ಮ ಶಿಫಾರಸಿನ ಕೊರತೆ

ಈಗ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನಾವು ಹೊರಡಿಸುವ ಬೇಸಾಯ ಕ್ರಮಗಳ ಪಟ್ಟಿಯಲ್ಲಿ ಎಕರೆಗೆ ಸಾರಜನಕ ಇಷ್ಟು, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು ಎಂದು ಅಚ್ಚಾಗಿರುತ್ತದೆ. ಬೇರು ಆರೋಗ್ಯವಾಗಿದೆ, ಮಣ್ಣಿನಲ್ಲಿ ಗಾಳಿಯಿದೆ, ಲವಣ ಮಿತಿಯಲ್ಲಿದೆ ಎಂದು ಆ ಅಂಕಿಗಳು ಒಳಗೇ ಊಹಿಸಿಕೊಂಡಿರುತ್ತವೆ. ಆ ಊಹೆಯನ್ನು ರೈತರಿಗೆ ಬಿಡಿಸಿ ಹೇಳುವುದು ಕಡಿಮೆ. ಬೆಳೆ ಏಳದಿದ್ದಾಗ ಅಂಕಿ ಸಾಲಲಿಲ್ಲವೇನೋ ಎಂದು ರೈತರು ಇನ್ನೊಂದು ಚೀಲ ಹಾಕುತ್ತಾರೆ. ಸಹಾಯಧನದಿಂದ ಯೂರಿಯಾ ಅಗ್ಗವಾಗಿರುವುದೂ ಅದಕ್ಕೆ ಒತ್ತಾಸೆ. ಅದೂ ಸಾಲದೆ ಅಂಗಡಿಯಿಂದ ಟಾನಿಕ್ ಬಾಟಲಿ ಬರುತ್ತದೆ. ಉಸಿರಾಡದ ಬೇರಿಗೆ ಉಸಿರು ಕೊಡುವ ಟಾನಿಕ್ ಇಲ್ಲ.

ಪ್ರತಿ ಗೊಬ್ಬರದ ಶಿಫಾರಸಿನ ಮೇಲೂ ಮೊದಲ ಸಾಲಾಗಿ 'ಬೇರು ನೋಡಿ, ನೀರು ಬಸಿಯುತ್ತದೆಯೇ ನೋಡಿ, ವಾಹಕತೆ ಮತ್ತು ರಸಸಾರ ನೋಡಿ' ಎಂದು ಅಚ್ಚು ಹಾಕಿಸಬೇಕೆಂಬುದು ನನ್ನ ಅಭಿಪ್ರಾಯ. ಹಾಗೆಯೇ ಗೊಬ್ಬರಕ್ಕೆ ಸಲ್ಲುವ ಗಮನದ ಅರ್ಧದಷ್ಟಾದರೂ ಬಸಿಗಾಲುವೆಗೆ ಸಲ್ಲಬೇಕು. ಒಬ್ಬ ರೈತ ತನ್ನ ಎರಡು ಎಕರೆಯಲ್ಲಿ ತೋಡಿದ ಕಾಲುವೆ ಬದುವಿನಲ್ಲಿ ಮುಗಿದರೆ ಪ್ರಯೋಜನವಿಲ್ಲ. ಅದು ಹಳ್ಳದವರೆಗೆ ಹೋಗಬೇಕು. ಇದು ಹತ್ತಾರು ಮನೆಗಳು ಕೂಡಿ ಮಾಡುವ ಕೆಲಸ. ಕೆರೆಯ ಹೂಳನ್ನು ಊರೇ ಕೂಡಿ ಎತ್ತುತ್ತಿದ್ದ ನಾಡಿಗೆ ಇದು ಹೊಸದಲ್ಲ. ಮುಖ್ಯ ಬಸಿಗಾಲುವೆಗಳನ್ನು ಹೂಳು ತೆಗೆದು ಸುಸ್ಥಿತಿಯಲ್ಲಿಡುವ ಹೊಣೆ ಸರ್ಕಾರದ್ದು. ಅದನ್ನು ನೀರು ಬಳಕೆದಾರರ ಸಂಘಗಳು ಒತ್ತಾಯಿಸಿ ಕೇಳಬೇಕು.

ರೈತರು ಮಾಡಬೇಕಾದ ಕೆಲಸಗಳು

1. ಬೆಳೆ ಹಳದಿಯಾದರೆ ಚೀಲ ಬಿಚ್ಚುವ ಮುನ್ನ ನಾಲ್ಕಾರು ಕಡೆ ಗಿಡ ಕಿತ್ತು ಬೇರು ನೋಡಿ. ಬಿಳಿಯ ಎಳೆ ಬೇರುಗಳಿದ್ದರೆ ಗೊಬ್ಬರದ ಮಾತು. ಕಂದು ಬಣ್ಣಕ್ಕೆ ತಿರುಗಿ ಕೊಳೆತ ವಾಸನೆಯಿದ್ದರೆ ನೀರಿನ ಮಾತು.

2. ಹೊಲದ ತಗ್ಗಿನಲ್ಲಿ ಒಂದು ಗುಂಡಿ ತೋಡಿ, ನೀರು ಎಷ್ಟು ಆಳದಲ್ಲಿ ನಿಲ್ಲುತ್ತದೆಂದು ಪ್ರತಿ ತಿಂಗಳೂ ಬರೆದಿಡಿ.

3. ಬೇಸಿಗೆಯಲ್ಲಿ ಮೇಲ್ಮಣ್ಣು ಮತ್ತು ಎರಡು ಅಡಿಯವರೆಗಿನ ಕೆಳಮಣ್ಣಿನ ಮಾದರಿಗಳನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ. ಕೊಳವೆಬಾವಿಯ ನೀರನ್ನೂ ಪರೀಕ್ಷಿಸಿ.

4. ಭೂಮಿಗೆ ತಕ್ಕ ಬೆಳೆ ಆರಿಸಿ. 1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಅವರು ಕೊಟ್ಟ ಪಟ್ಟಿಯ ಪ್ರಕಾರ ಇಳುವರಿ ಕುಗ್ಗಲಾರಂಭಿಸುವ ವಾಹಕತೆ ಹತ್ತಿಗೆ 7.7, ನೆಲಗಡಲೆಗೆ 3.2, ಭತ್ತಕ್ಕೆ 3.0, ಗೋವಿನಜೋಳ ಮತ್ತು ಕಬ್ಬಿಗೆ 1.7, ಈರುಳ್ಳಿಗೆ 1.2. ಇವು ಸಂತೃಪ್ತ ಸಾರದ ಅಂಕಿಗಳು. ಒಂದು ಭಾಗ ಮಣ್ಣಿಗೆ ಎರಡೂವರೆ ಭಾಗ ನೀರು ಬೆರೆಸಿ ಅಳೆದ ವರದಿಯಲ್ಲಿ ಅಂಕಿ ಕಡಿಮೆ ಬರುತ್ತದೆ. ಯಾವ ವಿಧಾನವೆಂದು ಕೇಳಿಕೊಂಡು ಹೋಲಿಸಿ. ಮೊಳಕೆಯ ಹಂತದಲ್ಲಿ ಹತ್ತಿಯೂ ನಾಜೂಕು.

5. ಬೋದು-ಸಾಲಿನ ಬೇಸಾಯದಲ್ಲಿ ಉಪ್ಪು ಬೋದಿನ ನೆತ್ತಿಗೆ ಏರುತ್ತದೆ. ಬೀಜವನ್ನು ನೆತ್ತಿಯ ಮೇಲಲ್ಲ, ಇಳಿಜಾರಿನ ಮಗ್ಗುಲಲ್ಲಿ ಬಿತ್ತಿ.

6. ಗೊಬ್ಬರವನ್ನು ಬೀಜದಿಂದ ಎರಡು ಅಂಗುಲ ಪಕ್ಕಕ್ಕೆ, ಎರಡು ಅಂಗುಲ ಕೆಳಕ್ಕೆ ಹಾಕಿ. ಸಾರಜನಕವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಿ. ಕೊಟ್ಟಿಗೆ ಗೊಬ್ಬರ ಮತ್ತು ಡಯಂಚದಂಥ ಹಸಿರೆಲೆ ಗೊಬ್ಬರ ಮಣ್ಣಿಗೆ ಗಾಳಿಯ ದಾರಿ ಮಾಡುತ್ತವೆ.

7. ಗೋವಿನಜೋಳದಲ್ಲಿ ನೀರು ನಿಂತು ಬೆಳೆ ಹಳದಿಯಾಗಿದ್ದರೆ ಮೊದಲು ನೀರು ಬಸಿಯಿರಿ. ಆಮೇಲೆ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಬೆರೆಸಿ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ. ಯೂರಿಯಾಕ್ಕೆ ವಿದ್ಯುದಂಶವಿಲ್ಲದ ಕಾರಣ ಎಲೆಯು ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಇದು ಬೇರು ಚೇತರಿಸಿಕೊಳ್ಳುವವರೆಗಿನ ಗಂಜಿ, ಊಟವಲ್ಲ.

ಕೊನೆಯ ಮಾತು

ಆ ಗೋವಿನಜೋಳದ ಹೊಲದ ರೈತರು ಮೂರನೆಯ ಚೀಲ ಹಾಕಲಿಲ್ಲ. ಆ ವರ್ಷದ ಬೆಳೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಅದನ್ನು ಉಳಿಸುವ ಕಾಲ ಮೀರಿತ್ತು. ಮುಂದಿನ ಬೇಸಿಗೆಯಲ್ಲಿ ಮೇಲಿನ ಗದ್ದೆಯವರನ್ನೂ ಕೆಳಗಿನ ಇಬ್ಬರನ್ನೂ ಒಪ್ಪಿಸಿ ಹಳ್ಳದವರೆಗೆ ಒಂದು ಬಸಿಗಾಲುವೆ ತೋಡಿಸಿದರು. ಒಪ್ಪಿಸುವುದಕ್ಕೇ ತೋಡುವುದಕ್ಕಿಂತ ಹೆಚ್ಚು ದಿನ ಹಿಡಿಯಿತಂತೆ. ಈಗ ಆ ಗುಂಡಿಯಲ್ಲಿ ನೀರು ಮೊಣಕಾಲಿಗಲ್ಲ, ಆಳಿನ ಎದೆಯುದ್ದಕ್ಕೆ ಇಳಿದಿದೆ ಎಂದು ಹೇಳಿ ಕಳಿಸಿದ್ದಾರೆ. ಭೂಮಿ ಪೂರ್ತಿ ಸರಿಹೋಗಲು ಇನ್ನೂ ಕೆಲವು ವರ್ಷ ಬೇಕು.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತೇವೆ. ಬೆಳೆಗೆ ತನ್ನ ಊಟ ಗೊತ್ತು. ಏನು ಬೇಕು, ಎಷ್ಟು ಬೇಕು, ಯಾವುದು ಬೇಡ ಎಂದು ಆರಿಸುವ ಪೊರೆಯನ್ನು ಅದು ಹುಟ್ಟಿನಿಂದಲೇ ಪಡೆದು ಬಂದಿದೆ. ಆ ಪೊರೆ ಕೆಲಸ ಮಾಡುವಂತೆ ಅದರ ಹೊಸ್ತಿಲಲ್ಲಿ ಗಾಳಿ ಆಡುತ್ತಿರಲಿ, ಉಪ್ಪು ಗುಡಿಸಿಹೋಗುತ್ತಿರಲಿ. ಅಷ್ಟನ್ನು ನೋಡಿಕೊಂಡರೆ ಹಾಕಿದ ಗೊಬ್ಬರ ಎಲ್ಲಿ ಹೋಯಿತೆಂದು ಕೇಳಬೇಕಾಗುವುದಿಲ್ಲ. ಅದು ತೆನೆಯಲ್ಲಿಯೇ ಕಾಣುತ್ತದೆ.